ಸರ್ವರ್ ಇಲ್ಲ, ನಾಳೆ ಬನ್ನಿ

ನಮ್ಮ ಸೀಮೆಯಲ್ಲಿ ಮಳೆ ಇಲ್ಲ, ಕರೆಂಟ್ ಇಲ್ಲ, ಚಿಲ್ಲರೆ ಇಲ್ಲ ಎಂಬ ಮೂರು ‘ಇಲ್ಲ’ಗಳು ಹಳೆಯವು. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ: ಸರ್ವರ್ ಇಲ್ಲ. ಅದು ಎಲ್ಲಿತ್ತು, ಯಾಕೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಜಾತ್ರೆಯಲ್ಲಿ ಇವತ್ತು ದೇವರು ಮೈಮೇಲೆ ಬರಲಿಲ್ಲ ಎಂದರೆ ಹೇಗೋ ಹಾಗೆ, ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದು ಹೋಗುತ್ತಾರೆ.

2025ರ ಫೆಬ್ರುವರಿ ಮೊದಲ ವಾರ ರಾಜ್ಯದುದ್ದಕ್ಕೂ ಸಬ್ ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಇದೇ ನಡೆಯಿತು. ಜಮೀನು ಮಾರುವವರು, ಕೊಳ್ಳುವವರು, ಸಾಕ್ಷಿಗೆಂದು ಕರೆತಂದ ನೆಂಟರು, ಭಾಗದ ಪತ್ರಕ್ಕೆ ಸಹಿ ಹಾಕಲು ಗಂಡನ ಮನೆಯಿಂದ ಬಂದ ಅಕ್ಕತಂಗಿಯರು, ಎಲ್ಲರೂ ಪತ್ರ ಬರಹಗಾರರ ಮೇಜಿನ ಸುತ್ತ. ರಾಹುಕಾಲ ಕಳೆಯಲಿ ಎಂದು ಕಾದು ಕುಳಿತವರಿಗೆ ಒಳ್ಳೆಯ ಕಾಲ ಬಂದರೂ ಸರ್ವರ್ ಬರಲಿಲ್ಲ. ಬೆಂಗಳೂರಿನ ಲೇಔಟ್‌ಗಳು ಹೆಂಚಿನ ಕಾರ್ಖಾನೆಗಳನ್ನು ದಾಟಿ ಬಂದಿರುವ ಮಾಲೂರಿನಂಥ ಕಡೆ ಒಂದು ದಿನ ನೋಂದಣಿ ನಿಂತರೆ ಅಡ್ವಾನ್ಸು, ಬ್ಯಾಂಕಿನ ಡಿಡಿ, ಮಾತು, ಮುಹೂರ್ತ ಎಲ್ಲ ಒಟ್ಟಿಗೆ ಅಲುಗಾಡುತ್ತವೆ.

ನಿಂತದ್ದು ಕಾವೇರಿ 2.0. ನಮ್ಮ ಕೋಲಾರಕ್ಕೆ ಆ ನದಿ ಹರಿದು ಬಂದಿಲ್ಲ, ಈ ತಂತ್ರಾಂಶ ಮಾತ್ರ 2023ರಲ್ಲೇ ಬಂತು. ಕ್ರಯಪತ್ರ ನೋಂದಣಿಯೂ ಇದರಲ್ಲೇ, ನಾವು ‘ಇ.ಸಿ.’ ಎನ್ನುವ ಋಣಭಾರ ಪತ್ರ ತೆಗೆಸುವುದೂ ಇದರಲ್ಲೇ. 2024ರ ಡಿಸೆಂಬರ್‌ನಿಂದಲೇ ಇದು ಏದುಸಿರು ಬಿಡುತ್ತಿತ್ತು. ಜನವರಿಯಲ್ಲಿ ಇ.ಸಿ. ಹುಡುಕಾಟ ಮಾಮೂಲಿಗಿಂತ ಎಂಟು ಪಟ್ಟು ಏರಿತು. ಲೆಕ್ಕ ತೆಗೆದಾಗ ಸಿಕ್ಕದ್ದು ಇಷ್ಟು: 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು, ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆ. ಇದು ತಾಂತ್ರಿಕ ದೋಷವಲ್ಲ, ಬೇಕೆಂದೇ ಮಾಡಿದ ದಾಳಿ ಎಂದು ಸೈಬರ್ ಅಪರಾಧ ಪೊಲೀಸರಿಗೆ ದೂರು ಹೋಯಿತು. ಆಗ ಕಂದಾಯ ಸಚಿವರಾಗಿದ್ದವರು ಕೃಷ್ಣ ಬೈರೇಗೌಡ. ನಮ್ಮ ವೇಮಗಲ್‌ನಿಂದಲೇ ಮೊದಲು ವಿಧಾನಸಭೆಗೆ ಹೋದವರು. ಹಾಗಾಗಿ ಜಿಲ್ಲೆಯ ಚಹಾ ಅಂಗಡಿಗಳಲ್ಲಿ ಈ ವಿಷಯಕ್ಕೆ ಸ್ವಲ್ಪ ಹೆಚ್ಚೇ ಸಕ್ಕರೆ ಬಿತ್ತು.

ಈ ಅಂಕಿಯನ್ನು ಇಲ್ಲೇ ಸ್ವಲ್ಪ ಭಾಗಿಸಿ ನೋಡಿ. 6.2 ಲಕ್ಷವನ್ನು 62 ಖಾತೆಗೆ ಹಂಚಿದರೆ ತಲೆಗೆ ಹತ್ತು ಸಾವಿರ. ಎರಡು ಗಂಟೆಯಲ್ಲಿ ಹತ್ತು ಸಾವಿರ ಇ.ಸಿ. ಹುಡುಕುವ ಮನುಷ್ಯ ನಾಲ್ಕು ತಾಲ್ಲೂಕು ಜಾಲಾಡಿದರೂ ಸಿಗುವುದಿಲ್ಲ. ಎಲ್ಲ ಸೇರಿಸಿದರೆ ಸೆಕೆಂಡಿಗೆ 86 ಕೋರಿಕೆ. ದೊಡ್ಡದಾಗಿ ಕೇಳಿಸಬಹುದು, ಆದರೆ ಜಗತ್ತಿನ ದಾಳಿಗಳ ಲೆಕ್ಕದಲ್ಲಿ ಇದು ತುಂತುರು. ತುಂತುರಿಗೇ ಕಾವೇರಿ ಯಾಕೆ ನಿಂತಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಜವಾದ ಪ್ರವಾಹದ ಮಾತು.

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಬೆಳಗ್ಗೆ ಹೋದವರಿಗೆ ಇದನ್ನು ವಿವರಿಸುವುದು ಸುಲಭ. ಗೇಟು ಒಂದೇ. ಟೆಂಪೊ, ಲಾರಿ, ಟ್ರ್ಯಾಕ್ಟರು ಸಾಲುಗಟ್ಟಿ ಬರುತ್ತವೆ, ಮಂಡಿಯಲ್ಲಿ ಬಾಕ್ಸುಗಳು ಇಳಿಯುತ್ತವೆ, ಹರಾಜು ಕೂಗುತ್ತಾರೆ. 2023ರ ಜುಲೈಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದ್ದಾಗಲೂ ಗೇಟು ಅಷ್ಟೇ ಅಗಲ ಇತ್ತು. ಈಗ ಯಾರೋ ವೈರಿ ಐನೂರು ಖಾಲಿ ಲಾರಿಗಳನ್ನು ಬಾಡಿಗೆಗೆ ಹಿಡಿದು ಕಳಿಸುತ್ತಾನೆ ಎನ್ನಿ. ಅವು ಕಳ್ಳತನ ಮಾಡುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಬಂದು ಗೇಟಿನಲ್ಲಿ ನಿಲ್ಲುತ್ತವೆ, ಅಷ್ಟೇ. ಮಾಲು ತಂದ ರೈತ ಹೊಸಕೋಟೆ ರಸ್ತೆಯಲ್ಲೇ ಬಾಕಿ. ಸೇವೆ ತಡೆಯುವ ದಾಳಿ ಎಂದರೆ ಇದು. ಬೀಗ ಒಡೆಯುವುದಿಲ್ಲ, ಬಾಗಿಲಿಗೆ ಅಡ್ಡ ಕೂರುತ್ತದೆ. ಅಡ್ಡ ಕೂರುವವರು ಹತ್ತಾರು ದೇಶಗಳ ಸಾವಿರಾರು ಯಂತ್ರಗಳಾದರೆ ಅದಕ್ಕೆ ‘ಡಿಡಾಸ್’ ಎಂದು ಹೆಸರು.

ಖಾಲಿ ಲಾರಿಗಳ ನಂಬರ್ ಪ್ಲೇಟು ಕೂಡ ಸುಳ್ಳಿರಬಹುದು. ಇಂಟರ್‌ನೆಟ್‌ನಲ್ಲಿ ಓಡಾಡುವ ಮಾಹಿತಿಯ ತುಣುಕಿಗೆ ಪ್ಯಾಕೆಟ್ಟು ಎನ್ನುತ್ತಾರೆ, ಪ್ರತಿ ಪ್ಯಾಕೆಟ್ಟಿನ ಮೇಲೆ ‘ಇಂದ’ ವಿಳಾಸ, ‘ಗೆ’ ವಿಳಾಸ ಎರಡೂ ಇರುತ್ತವೆ. ಅಂಚೆಯವನು ‘ಗೆ’ ನೋಡುತ್ತಾನೆ, ‘ಇಂದ’ ನೋಡುವುದಿಲ್ಲ. ದಾಳಿಕೋರ ‘ಇಂದ’ ಜಾಗದಲ್ಲಿ ನಿಮ್ಮ ವಿಳಾಸ ಬರೆದು ಊರೂರಿನ ಸರ್ವರ್‌ಗಳಿಗೆ ಸಣ್ಣ ಪ್ರಶ್ನೆ ಕಳಿಸುತ್ತಾನೆ. ಅವು ಪಾಪ, ನೀವೇ ಕೇಳಿದ್ದೆಂದು ಉದ್ದುದ್ದ ಉತ್ತರಗಳನ್ನು ನಿಮ್ಮ ಮನೆಗೆ ಸುರಿಯುತ್ತವೆ. ಒಂದು ಕಾರ್ಡು ಹಾಕಿದರೆ ಒಂದು ಮೂಟೆ ಉತ್ತರ.

ಇದು ದೊಡ್ಡ ಕಂಪನಿಗಳ ತಲೆನೋವು ಎಂದುಕೊಂಡಿದ್ದೆ, ಪರಿಚಯದ ಒಬ್ಬನ ರೂಮಿನಲ್ಲಿ ಒಂದು ಸಂಜೆ ಕೂರುವವರೆಗೆ. ನಮ್ಮ ಜಿಲ್ಲೆಯದೇ ಒಂದು ತಾಲ್ಲೂಕು ಪಟ್ಟಣದಲ್ಲಿ ಅವನು ಮನೆಮನೆಗೆ ಇಂಟರ್‌ನೆಟ್ ಕೊಡುತ್ತಾನೆ. ಮೊದಲು ಕೇಬಲ್ ಟಿವಿ, ಆಮೇಲೆ ಫೈಬರ್. ಮಹಡಿ ಮೇಲೆ ಹತ್ತಡಿ ಕೋಣೆ, ಅದರಲ್ಲಿ ಕಬ್ಬಿಣದ ರ್‍ಯಾಕು, ಕೆಳಗೆ ಸಾಲಾಗಿ ಬ್ಯಾಟರಿ, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ. ಬೆಂಗಳೂರಿನಿಂದ ದೊಡ್ಡ ಕಂಪನಿಯೊಂದರ ಹತ್ತು ಗಿಗಾಬಿಟ್ ಲೈನು ಬಂದು ಅಲ್ಲಿ ಇಳಿಯುತ್ತದೆ. ಅಲ್ಲಿಂದ ಕಂಬದಿಂದ ಕಂಬಕ್ಕೆ ಎರಡೂವರೆ ಸಾವಿರ ಮನೆ. ಗೋಡೆಯ ಮೇಲಿನ ಟಿವಿಯಲ್ಲಿ ಒಂದು ಗ್ರಾಫು, ಹಸಿರು ಗುಡ್ಡದ ಹಾಗೆ. ಮಧ್ಯಾಹ್ನ ತಗ್ಗು, ರಾತ್ರಿ ಒಂಬತ್ತರ ಧಾರಾವಾಹಿ ಹೊತ್ತಿಗೆ ಏರು. ನಾನಿದ್ದಾಗಲೇ ಆ ಗುಡ್ಡ ಸಟ್ಟನೆ ಗೋಡೆಯಾಯಿತು, ನೆತ್ತಿ ಚಪ್ಪಟೆಯಾಯಿತು. ಚಪ್ಪಟೆ ಎಂದರೆ ಹತ್ತು ಗಿಗಾ ತುಂಬಿತು, ಅದರ ಮೇಲೆ ಬಂದದ್ದು ಎಣಿಕೆಗೂ ಸಿಗುವುದಿಲ್ಲ. ಅರೆ ನಿಮಿಷಕ್ಕೆ ಅವನ ಎರಡೂ ಫೋನು ಒಟ್ಟಿಗೆ ಹೊಡೆದುಕೊಳ್ಳತೊಡಗಿದವು.

“ಯಾವನೋ ಹುಡುಗ ಗೇಮ್ ಆಡ್ತಾ ಅವ್ನೆ ಸಾರ್. ಎದುರುಗಡೆ ಸೋತೋನು ಕಾಸು ಕೊಟ್ಟು ಒಡೆಸ್ತಾ ಅವ್ನೆ.” ನಾನು ನಂಬಲಿಲ್ಲ. ಆಮೇಲೆ ತಿಳಿಯಿತು, ಒಂದು ಹೊತ್ತಿನ ಊಟದ ಖರ್ಚಿಗೆ ಹತ್ತು ನಿಮಿಷದ ದಾಳಿಯನ್ನು ಬಾಡಿಗೆಗೆ ಕೊಡುವ ತಾಣಗಳಿವೆ. ಆಟದಲ್ಲಿ ಗೆದ್ದ ಒಬ್ಬ ಪಿಯು ಹುಡುಗನನ್ನು ಉರುಳಿಸಲು ಬಂದ ನೀರು ಇಡೀ ಊರನ್ನು ಮುಳುಗಿಸುತ್ತದೆ. ಸಣ್ಣ ಸಂಸ್ಥೆಗಳನ್ನೇ ಗುರಿಯಿಟ್ಟು ಹೊಡೆದದ್ದೂ ಉಂಟು. 2016ರ ಜುಲೈಯಲ್ಲಿ ಮುಂಬೈನ ಸಣ್ಣ, ಮಧ್ಯಮ ಇಂಟರ್‌ನೆಟ್ ಸಂಸ್ಥೆಗಳು ಹೀಗೆ ದಿನಗಟ್ಟಲೆ ತತ್ತರಿಸಿ ಪೊಲೀಸ್ ಕೇಸೇ ಆಗಿತ್ತು.

ಅವನು ಮಾಡಿದ್ದೇನು? ಮೇಲಿನ ಕಂಪನಿಗೆ ಒಂದು ಸಂದೇಶ ಕಳಿಸಿದ: ಈ ವಿಳಾಸಕ್ಕೆ ಬರುವುದನ್ನೆಲ್ಲ ನಿಮ್ಮಲ್ಲೇ ಬಿಸಾಡಿ. ಇದಕ್ಕೆ ಅವರ ಭಾಷೆಯಲ್ಲಿ ‘ಬ್ಲ್ಯಾಕ್‌ಹೋಲ್ ಹಾಕೋದು’ ಎನ್ನುತ್ತಾರೆ. ಒಂದು ನಿಮಿಷದಲ್ಲಿ ಗ್ರಾಫು ಇಳಿಯಿತು, ಫೋನು ಮಾತ್ರ ನಿಲ್ಲಲಿಲ್ಲ. ಯಾಕೆಂದರೆ ನಮ್ಮ ದೇಶದ ಸಣ್ಣ ಸಂಸ್ಥೆಗಳ ಬಳಿ ಐಪಿ ವಿಳಾಸಗಳು ತೀರಾ ಕಡಿಮೆ. ಒಂದು ವಿಳಾಸದ ಹಿಂದೆ ಒಂದು ಬೀದಿಯನ್ನೇ ಕೂಡಿಸಿರುತ್ತಾರೆ, ಒಂದೇ ಪೋಸ್ಟ್ ಬಾಕ್ಸ್ ನಂಬರಿಗೆ ನೂರು ಮನೆಯ ಕಾಗದ ಬಂದ ಹಾಗೆ. ಆ ವಿಳಾಸವನ್ನು ಕತ್ತಲೆಗೆ ತಳ್ಳಿದರೆ ಗೇಮ್ ಆಡುವ ಹುಡುಗನ ಜೊತೆ ಆನ್‌ಲೈನ್ ಪಾಠ ಕೇಳುವ ಹುಡುಗಿ, ಫೋನ್‌ಪೇ ನೋಡಿಕೊಂಡು ದೋಸೆ ಕೊಡುವವನು, ಅಮೆರಿಕದಲ್ಲಿರುವ ಮಗನಿಗೆ ಕರೆ ಮಾಡಿದ್ದ ಅಜ್ಜಿ, ಎಲ್ಲರೂ ಕತ್ತಲೆಗೆ. ವೈರಿ ಬಯಸಿದ್ದನ್ನು ನಾವೇ ಮಾಡಿ ಮುಗಿಸಿದ ಹಾಗಾಯಿತು. ಉಳಿದ ಊರು ಉಳಿಯಿತು ಎಂಬುದಷ್ಟೇ ಸಮಾಧಾನ.

ರೂಮಿನಲ್ಲೇ ಒಳ್ಳೆಯ ಯಂತ್ರ ತಂದಿಟ್ಟು ಸೋಸಬಾರದೇ ಎಂದು ಕೇಳಿದೆ. ಅವನು ನಕ್ಕ. ಪೈಪು ತುಂಬಿರುವುದು ಬೆಂಗಳೂರಿನಿಂದ ಇಲ್ಲಿಗೆ ಬರುವ ದಾರಿಯಲ್ಲಿ. ಅದರ ಈ ತುದಿಯಲ್ಲಿ ಎಷ್ಟು ಒಳ್ಳೆಯ ಜರಡಿ ಹಿಡಿದರೂ ಪೈಪಿನೊಳಗೆ ಜಾಗ ಹುಟ್ಟುವುದಿಲ್ಲ. ಕೆರೆಗಳ ಜಿಲ್ಲೆಯವನಾಗಿ ಇದು ನನಗೆ ಹೊಳೆಯಬೇಕಿತ್ತು. ಏರಿ ಒಡೆಯುವ ಮಳೆಯನ್ನು ಕೊನೆಯ ಕೆರೆಯ ತೂಬಿನಲ್ಲಿ ನಿಂತು ಯಾರೂ ತಡೆಯುವುದಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹರಿದು ಮುಂದಿನದಕ್ಕೆ, ಅದು ತುಂಬಿ ಅದರ ಮುಂದಿನದಕ್ಕೆ, ಹೀಗೆ ನೀರಿನ ಬಿರುಸನ್ನು ದಾರಿಯಲ್ಲೇ ಹಂಚಿ ಮುರಿಯುವುದು ನಮ್ಮ ಹಿರಿಯರ ಕ್ರಮ.

ಇಂಟರ್‌ನೆಟ್‌ನಲ್ಲಿ ಹೀಗೆ ದಾರಿಯಲ್ಲೇ ಮುರಿಯುವ ಉಪಾಯಕ್ಕೆ ಓವರ್‌ಲೇ ನೆಟ್‌ವರ್ಕ್ ಎಂದು ಹೆಸರು. ಜಾಲದ ಮೇಲೊಂದು ಜಾಲ. ಹೊಸ ಕೇಬಲ್ ಎಳೆಯುವುದಿಲ್ಲ. ರಸ್ತೆ ಲೋಕೋಪಯೋಗಿ ಇಲಾಖೆಯದು, ಅದರ ಮೇಲೆ ಯಾವ ಬಸ್ಸು ಯಾವ ಊರು ಮುಟ್ಟಿ ಹೋಗಬೇಕೆಂಬುದು ಕೆಎಸ್‌ಆರ್‌ಟಿಸಿಯ ತೀರ್ಮಾನ, ಅಂಥದ್ದು ಇದು. ಹೊಸಕೋಟೆಯಲ್ಲಿ ಜಾಮ್ ಎಂದು ಗೊತ್ತಾದರೆ ತಿಳಿದ ಡ್ರೈವರು ಕಾಡುಗೋಡಿ, ಮಾಲೂರು ಮೇಲೆ ಕೋಲಾರ ಸೇರುತ್ತಾನೆ. ಇಂಟರ್‌ನೆಟ್ಟಿನ ಮೂಲ ದಾರಿ ಹುಡುಕುವ ವ್ಯವಸ್ಥೆಗೆ ಅಂಥ ಚುರುಕಿಲ್ಲ, ಕೆಟ್ಟ ದಾರಿ ಬಿಡಲು ನಿಮಿಷಗಟ್ಟಲೆ ಬೇಕು. 2001ರಲ್ಲಿ ಎಂಐಟಿಯ ನಾಲ್ವರು, ಡೇವಿಡ್ ಆಂಡರ್ಸನ್, ಹರಿ ಬಾಲಕೃಷ್ಣನ್, ಫ್ರಾನ್ಸ್ ಕಾಶೂಕ್, ರಾಬರ್ಟ್ ಮೋರಿಸ್, ಕೆಲವೇ ಕಂಪ್ಯೂಟರ್‌ಗಳು ಪರಸ್ಪರ ದಾರಿ ಕೇಳಿಕೊಂಡು ಸರಾಸರಿ 18 ಸೆಕೆಂಡಿನಲ್ಲಿ ಸುತ್ತು ಹಾದಿ ಹಿಡಿಯಬಹುದೆಂದು ತೋರಿಸಿದರು. ಕೊನೆಯ ಹೆಸರನ್ನು ಗಮನಿಸಿ. 1988ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಬಿಟ್ಟ ಒಂದು ‘ಹುಳು’ವಿನಿಂದ ಆಗಿನ ಇಂಟರ್‌ನೆಟ್ಟನ್ನೇ ಹಾಸಿಗೆ ಹಿಡಿಸಿದ್ದ ಮೋರಿಸ್ ಇವನೇ. ತುಂಟ ಹುಡುಗನನ್ನೇ ಕ್ಲಾಸ್ ಮಾನಿಟರ್ ಮಾಡುವ ಮೇಷ್ಟರ ತಂತ್ರ ಅಲ್ಲೂ ನಡೆಯಿತು ಎನ್ನಬೇಕು.

ಮರುವರ್ಷ, 2002ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಕೆರೊಮಿಟಿಸ್, ವಿಶಾಲ್ ಮಿಶ್ರಾ, ರೂಬೆನ್‌ಸ್ಟೈನ್ ಇದೇ ಉಪಾಯವನ್ನು ದಾಳಿಗೆ ಗುರಾಣಿಯಾಗಿ ಹಿಡಿದರು. ಮಿಶ್ರಾ ಎಂದರೆ ಕ್ರಿಕೆಟ್ ತಾಣ ಕ್ರಿಕ್‌ಇನ್ಫೋ ಕಟ್ಟಿದವರಲ್ಲಿ ಒಬ್ಬರು. ಮ್ಯಾಚಿನ ದಿನ ಜನಸಾಗರ ನುಗ್ಗಿದರೆ ಸರ್ವರ್‌ಗೆ ಏನಾಗುತ್ತದೆಂದು ಅವರಿಗೆ ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ. ಅವರ ಯೋಜನೆ ಮುಳಬಾಗಿಲಿನವರಿಗೆ ಬೇಗ ಅರ್ಥವಾದೀತು. ಆ ಊರಿನ ಹೆಸರೇ ಮೂಡಲ ಬಾಗಿಲು, ಬಯಲುಸೀಮೆಯ ಪೂರ್ವದ ಹೆಬ್ಬಾಗಿಲು. ತಿರುಪತಿಗೆ ಹೋಗುವ ಯಾತ್ರಿಕರು ಮೊದಲು ನರಸಿಂಹತೀರ್ಥದಲ್ಲಿ ಮಿಂದು ಆಂಜನೇಯನಿಗೆ ಕೈಮುಗಿದು ಮುಂದೆ ಹೋಗುವುದು ವಾಡಿಕೆ. ಕೊಲಂಬಿಯಾದವರ ಏರ್ಪಾಡಿನಲ್ಲೂ ನೇರ ದರ್ಶನವಿಲ್ಲ. ಕಾಪಾಡಬೇಕಾದ ಸರ್ವರ್ ಸುತ್ತ ಬಿಗಿ ಬೇಲಿ. ಅದು ಒಳಗೆ ಬಿಡುವುದು ಎರಡು ಮೂರು ಗುಟ್ಟಿನ ದೂತರನ್ನು ಮಾತ್ರ. ಹೊರಗಿನವರು ದೂರದ ನೂರಾರು ಬಾಗಿಲುಗಳಲ್ಲಿ ಯಾವುದೋ ಒಂದಕ್ಕೆ ಬಂದು ತಾವು ಯಾರೆಂದು ರುಜುವಾತು ಕೊಡಬೇಕು. ಅಲ್ಲಿಂದ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿ, ಕೊನೆಗೆ ಗುಟ್ಟಿನ ದೂತನ ಮೂಲಕ ಒಳಗೆ. ದಾಳಿಕೋರ ಒಂದು ಬಾಗಿಲು ಮುರಿದರೆ ನೀವು ಇನ್ನೊಂದಕ್ಕೆ ಹೋಗುತ್ತೀರಿ. ದೂತನನ್ನು ಹಿಡಿಯೋಣವೆಂದರೆ ಯಾರೆಂದೇ ಗೊತ್ತಿಲ್ಲ, ಗೊತ್ತಾದರೆ ಬದಲಾಯಿಸುತ್ತಾರೆ. ಅಪಘಾತ, ವಿಪತ್ತಿನ ವೇಳೆ ಪೊಲೀಸು, ಅಗ್ನಿಶಾಮಕದವರ ಮಾತುಕತೆ ಕಡಿಯದಿರಲಿ ಎಂದು ಯೋಚಿಸಿದ್ದಿದು.

ಕಾಗದದ ಮೇಲಿನ ಈ ಚೆಂದ ಹಾಗೇ ಮಾರುಕಟ್ಟೆಗೆ ಬರಲಿಲ್ಲ. ಬಂದದ್ದು ಅದರ ಒರಟು ತಮ್ಮ. ಅದನ್ನು ಕೋಲಾರದವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಕೆ.ಸಿ. ವ್ಯಾಲಿ.

ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಹೋಗಿ, ಅಲ್ಲಿಂದ ಪೈಪಿನಲ್ಲಿ ಏರಿ, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂದು ಯೋಜನೆ. ದಾಳಿ ಸೋಸುವ ಕೇಂದ್ರಗಳು ಮಾಡುವುದೂ ಇದನ್ನೇ. ನನ್ನ ಪರಿಚಯದವನ ಊರಿಗೆ ದಾಳಿ ಬಂದಾಗ, ಅವನ ವಿಳಾಸಗಳಿಗೆ ಹೋಗುವ ದಾರಿ ನಮ್ಮ ಮೂಲಕ ಎಂದು ಸೋಸುವ ಕಂಪನಿ ಜಗತ್ತಿಗೆ ಸಾರುತ್ತದೆ. ಕನಿಷ್ಠ 256 ವಿಳಾಸಗಳ ಕಂತೆಯನ್ನೇ ಹೀಗೆ ತಿರುಗಿಸಬೇಕು, ಒಂದೊಂದನ್ನು ತಿರುಗಿಸಿದರೆ ಜಗತ್ತು ಕೇಳಿಸಿಕೊಳ್ಳುವುದಿಲ್ಲ. ಕೊಳಕು, ತಿಳಿ ಎರಡೂ ಸೇರಿದ ಹೊಳೆ ಮುಂಬೈಗೋ ಚೆನ್ನೈಗೋ ಸಿಂಗಪುರಕ್ಕೋ ತಿರುಗುತ್ತದೆ. ಅಲ್ಲಿ ಸುಳ್ಳು ಪ್ಯಾಕೆಟ್ಟುಗಳು ತಳಕ್ಕೆ, ತಿಳಿಯಾದದ್ದು ಟನಲ್ ಎಂಬ ಕಾಣದ ಪೈಪಿನಲ್ಲಿ ಊರಿಗೆ. ಲಕ್ಷ್ಮೀಸಾಗರದಲ್ಲಿ ನೊರೆ ಎದ್ದು ಹೈಕೋರ್ಟ್ ತಡೆ ಕೊಟ್ಟದ್ದು, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂಬ ಒತ್ತಾಯ ಇನ್ನೂ ನಿಲ್ಲದಿರುವುದು ಜಿಲ್ಲೆಗೆ ಗೊತ್ತು. ಇಲ್ಲಿಯೂ ಜಗಳ ಅದೇ. ಎಷ್ಟು ಸೋಸಿದರೆ ತಿಳಿ? ಹೆಚ್ಚು ಸೋಸಿದರೆ ನಿಜವಾದ ಗಿರಾಕಿಯೂ ತಳದ ಕೆಸರಿಗೆ ಹೋಗುತ್ತಾನೆ. ಕಡಿಮೆ ಸೋಸಿದರೆ ನೊರೆ.

ಟನಲ್‌ನದ್ದು ಇನ್ನೊಂದು ಪಡಿಪಾಟಲು. ಒಂದು ಪ್ಯಾಕೆಟ್ಟಿನ ಗಾತ್ರ ಸಾಮಾನ್ಯವಾಗಿ 1500 ಬೈಟ್ ಮೀರುವಂತಿಲ್ಲ. ಅದನ್ನು ಟನಲ್‌ಗೆ ಹಾಕಬೇಕಾದರೆ ಮೇಲೆ ಇನ್ನೊಂದು ಲಕೋಟೆ, ಆ ಲಕೋಟೆಗೆ 24 ಬೈಟ್. ಒಳಗಿನ ಕಾಗದಕ್ಕೆ ಉಳಿದದ್ದು 1476. ತುಂಬಿ ಬಂದ ಪ್ಯಾಕೆಟ್ಟು ಲಕೋಟೆಯಲ್ಲಿ ಹಿಡಿಸುವುದಿಲ್ಲ, ಬಾಯಿ ಬಿಟ್ಟು ಹೇಳದೆ ದಾರಿಯಲ್ಲೇ ಬೀಳುತ್ತದೆ. ಗಿರಾಕಿಗೆ ಕಾಣುವುದು ವಿಚಿತ್ರ: ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ, ಬ್ಯಾಂಕಿನ ಪುಟ ಅರ್ಧ ಬಂದು ನಿಲ್ಲುತ್ತದೆ. “ಆ ಇಪ್ಪತ್ನಾಲ್ಕು ಬೈಟಿಗೆ ಮೂರು ರಾತ್ರಿ ನಿದ್ದೆಗೆಟ್ಟಿದೀನಿ ಸಾರ್. ಇಷ್ಟುದ್ದದ ಕಾಗದಾನೇ ಕಳ್ಸಿ ಅಂತ ಎಲ್ರಿಗೂ ಮೊದ್ಲೇ ಹೇಳೋ ಅಂಗೆ ರೂಟರ್‌ನಲ್ಲಿ ಒಂದು ಸಾಲು ಬರೀಬೇಕಿತ್ತು, ಅಷ್ಟೆ.” ಅಷ್ಟೇ ಎನ್ನುವಾಗ ಅವನ ಮುಖದಲ್ಲಿ ಆ ಮೂರು ರಾತ್ರಿ ಇನ್ನೂ ಇತ್ತು.

ದಾರಿ ತಿರುಗಿಸುವ ಈ ಕೆಲಸ ಎಷ್ಟು ಚುರುಕಾಗಬಹುದು ಎಂಬುದಕ್ಕೆ 2018ರ ಫೆಬ್ರುವರಿ 28ರ ಉದಾಹರಣೆಯನ್ನು ಈ ಕಸುಬಿನವರೆಲ್ಲ ಹೇಳುತ್ತಾರೆ. ಪ್ರೋಗ್ರಾಮರುಗಳ ಗಿಟ್‌ಹಬ್ ತಾಣದ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಬಂದು ಬಿತ್ತು. ಅವರು ದಾರಿಯನ್ನು ಅಕಮಾಯ್ ಕಂಪನಿಯ ಸೋಸುವ ಜಾಲಕ್ಕೆ ತಿರುಗಿಸಿದರು, ಸುಮಾರು ಹತ್ತು ನಿಮಿಷದಲ್ಲಿ ಎಲ್ಲ ತಹಬಂದಿಗೆ ಬಂತು. ಇನ್ನೊಂದು ರೀತಿಯೂ ಇದೆ. 108ಕ್ಕೆ ಫೋನ್ ಮಾಡಿದರೆ ನಂಬರು ಒಂದೇ, ಶ್ರೀನಿವಾಸಪುರದವರಿಗೆ ಬರುವ ಆಂಬುಲೆನ್ಸ್ ಬೇರೆ, ಮಾಲೂರಿನವರಿಗೆ ಬೇರೆ. ಹಾಗೆ ಒಂದೇ ಐಪಿ ವಿಳಾಸವನ್ನು ನೂರಾರು ನಗರಗಳಿಂದ ಸಾರಿದರೆ ಬ್ರೆಜಿಲ್‌ನಿಂದ ಬಂದ ದಾಳಿ ಬ್ರೆಜಿಲ್‌ನಲ್ಲೇ, ವಿಯೆಟ್ನಾಮಿನದು ಅಲ್ಲೇ ಮುರಿಯುತ್ತದೆ. 2025ರ ಮೇ ತಿಂಗಳಲ್ಲಿ ಕ್ಲೌಡ್‌ಫ್ಲೇರ್ ಕಂಪನಿ ಹೀಗೆ ಮುರಿದ ಒಂದು ದಾಳಿ ಸೆಕೆಂಡಿಗೆ 7.3 ಟೆರಾಬಿಟ್. 45 ಸೆಕೆಂಡಿನಲ್ಲಿ 37.4 ಟೆರಾಬೈಟ್. ನಮ್ಮವನ ಹತ್ತು ಗಿಗಾ ಲೈನಿಗೆ ಹೋಲಿಸಿದರೆ 730 ಪಟ್ಟು. ಅವನಿಗೆ ಇದನ್ನು ಹೇಳಿದಾಗ ತಲೆ ಎತ್ತಿ ಬಾಗಿಲಿನ ನಿಂಬೆಹಣ್ಣು ನೋಡಿದ.

ಈಗ ಕಾವೇರಿಗೆ. ಸೆಕೆಂಡಿಗೆ 86 ಕೋರಿಕೆಯ ಭಾರ ಲೈನಿಗೆ ಗೊತ್ತೂ ಆಗುವುದಿಲ್ಲ. ಗೇಟಿನಲ್ಲಿ ಲಾರಿ ನಿಂತಿರಲಿಲ್ಲ, ರಸ್ತೆ ಖಾಲಿಯೇ ಇತ್ತು. ಆದದ್ದು ಬೇರೆ. ಕೌಂಟರಿನ ಮುಂದೆ 62 ಮಂದಿ ನಿಂತು, ಹಳೇ ದಫ್ತರದ ಕಟ್ಟು ತೆಗೆದು ಇ.ಸಿ. ಹುಡುಕಿ ಕೊಡಿ ಎಂದು ಉಸಿರು ಬಿಡದೆ ಕೇಳುತ್ತಿದ್ದರು. ಕೇಳುವುದಕ್ಕೆ ಒಂದು ಸಾಲು ಸಾಕು, ಹುಡುಕುವುದಕ್ಕೆ ವರ್ಷಗಟ್ಟಲೆಯ ದಾಖಲೆ ತಿರುವಬೇಕು. ಗುಮಾಸ್ತ ಸುಸ್ತು. ಹಿಂದೆ ಕ್ರಯಪತ್ರ ಹಿಡಿದು ನಿಂತವರ ಸರದಿ ಬರಲೇ ಇಲ್ಲ. ಪ್ರತಿಯೊಬ್ಬರ ಬಳಿಯೂ ಖಾತೆ ಇದೆ, ಪ್ರತಿ ಕೋರಿಕೆಯೂ ನೋಡಲು ಸಾಚಾ. ಸೋಸುವ ಕೇಂದ್ರದ ಜರಡಿಗೆ ಇವರು ಸಿಗುವುದಿಲ್ಲ. ದೊಡ್ಡ ಜಾಲ ಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ನಂಬದಿರುವುದು ಇದಕ್ಕೇ. ಇಲ್ಲಿ ಬೇಕಿದ್ದದ್ದು ಒಂದು ಖಾತೆಗೆ ಗಂಟೆಗೆ ಇಷ್ಟೇ ಹುಡುಕಾಟ ಎಂಬ ಮಿತಿ, ಇ.ಸಿ. ಹುಡುಕುವ ಯಂತ್ರ ಬೇರೆ, ನೋಂದಣಿಯ ಯಂತ್ರ ಬೇರೆ ಎಂಬ ವಿಂಗಡಣೆ. ಊರಿನ ಪಡಿತರ ಅಂಗಡಿಯವನೂ ಸೀಮೆಎಣ್ಣೆಗೆ ಒಂದು, ಅಕ್ಕಿಗೆ ಒಂದು ಸಾಲು ಮಾಡುತ್ತಿದ್ದ.

ಕೋರಿಕೆಯ ಒಳಗಿರುವುದನ್ನು ಓದಿ ಸೋಸುವ ಮಧ್ಯವರ್ತಿ ಜಾಲಗಳೂ ಇವೆ, ನಿಜ. ಆದರೆ ಓದಬೇಕಾದರೆ ಮುಚ್ಚಿದ ಲಕೋಟೆ ಬಿಚ್ಚಬೇಕು, ಬಿಚ್ಚಲು ಬೀಗದ ಕೈ ಅವರ ಬಳಿ ಇರಬೇಕು. ಯಾರ ಜಮೀನು ಯಾರಿಗೆ ಹೋಯಿತೆಂಬ ಕಾಗದದ ಬೀಗದ ಕೈಯನ್ನು ಎಲ್ಲೋ ಇರುವ ಕಂಪನಿಗೆ ಕೊಡಬೇಕೇ ಎಂದು ಸರ್ಕಾರ ಹಿಂದೆಮುಂದೆ ನೋಡಿದರೆ ತಪ್ಪಲ್ಲ. ಆ ಕಂಪನಿಗಳೂ ಎಡವುತ್ತವೆ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ತಾನೇ ಕುಸಿದಾಗ ಚಾಟ್‌ಜಿಪಿಟಿ, ಎಕ್ಸ್ ಸೇರಿ ಜಗತ್ತಿನ ಎಷ್ಟೋ ತಾಣಗಳು ಗಂಟೆಗಟ್ಟಲೆ ಮಲಗಿದವು. ದಾಳಿಯೆಂದು ಅವರೂ ಮೊದಲು ಹೆದರಿದರು. ನೋಡಿದರೆ, ಕಳ್ಳ ಯಂತ್ರಗಳನ್ನು ಗುರುತು ಹಿಡಿಯಲು ಇಟ್ಟಿದ್ದ ಒಂದು ಪಟ್ಟಿಯ ಕಡತ ಎರಡು ಪಟ್ಟು ಉಬ್ಬಿ ಅವರದೇ ತಂತ್ರಾಂಶದ ಗಂಟಲಿಗೆ ಸಿಕ್ಕಿತ್ತು. ಕಾವಲುಗಾರ ಎಡವಿ ಬಾಗಿಲಿಗೇ ಅಡ್ಡ ಬಿದ್ದಿದ್ದ.

ಖಾಲಿ ಲಾರಿಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಹೇಳದೆ ಇದು ಮುಗಿಯುವುದಿಲ್ಲ. ನಮ್ಮ ಮನೆಗಳಿಂದಲೇ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಎಷ್ಟೋ ದೊಡ್ಡ ತಾಣಗಳನ್ನು ಮಂಕಾಗಿಸಿದ ‘ಮಿರಾಯ್’ ಸೇನೆಯಲ್ಲಿದ್ದದ್ದು ಅಂಗಡಿ ಮನೆಗಳ ಸಿಸಿಟಿವಿ ಕ್ಯಾಮೆರಾ, ರೂಟರ್. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಅದನ್ನು ಬರೆದ ಹುಡುಗರಿಗೆ ಮೊದಲು ಬೇಕಿದ್ದದ್ದು ಮೈನ್‌ಕ್ರಾಫ್ಟ್ ಆಟದ ಎದುರಾಳಿ ಸರ್ವರ್‌ಗಳನ್ನು ಬೀಳಿಸುವುದು. ದಾಳಿಯಿಂದ ಕಾಪಾಡುವ ಸೇವೆ ಮಾರುವ ಕಂಪನಿಯೂ ಅವರ ಕೈಲೇ ಇತ್ತು. ಪಂಕ್ಚರ್ ಅಂಗಡಿಯವನೇ ರಸ್ತೆಗೆ ಮೊಳೆ ಚೆಲ್ಲಿದ ಹಾಗೆ.

ಕರ್ನಾಟಕಕ್ಕೆ ಇದರ ಬಿಸಿ ಮುಟ್ಟಿದ್ದು 2017ರ ಜುಲೈ ಕೊನೆಯಲ್ಲಿ. ಬಿಎಸ್‌ಎನ್‌ಎಲ್ ಕರ್ನಾಟಕ ವೃತ್ತದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಸಾಲಾಗಿ ಸತ್ತವು. ಎಷ್ಟು ಎಂಬ ಲೆಕ್ಕ ಒಬ್ಬೊಬ್ಬರದು ಒಂದೊಂದು, ಅರವತ್ತು ಸಾವಿರದವರೆಗೂ ವರದಿಯಾಯಿತು. ಕೆಟ್ಟವುಗಳ ಪಾಸ್‌ವರ್ಡು ‘ಅಡ್ಮಿನ್’ ಎಂದೇ ಇತ್ತು. ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ಹೊರಡಿಸಿತು. ಕೊಂದದ್ದು ‘ಬ್ರಿಕರ್‌ಬಾಟ್’ ಎಂಬ ಕ್ರಿಮಿ. ಅದನ್ನು ಬಿಟ್ಟವನೆಂದು ಹೇಳಿಕೊಂಡ ಅನಾಮಿಕನ ವಾದ ಕೇಳಿ: ಇಂಥ ಬಾಗಿಲಿಲ್ಲದ ಮೋಡೆಮ್‌ಗಳು ನಾಳೆ ಮಿರಾಯ್‌ಗೆ ಆಳಾಗುತ್ತವೆ, ಅದಕ್ಕೆ ಮೊದಲೇ ಕೊಲ್ಲುತ್ತಿದ್ದೇನೆ, ಇದು ಇಂಟರ್‌ನೆಟ್ಟಿಗೆ ಕಿಮೋಥೆರಪಿ. ಕೋಳಿ ಕದ್ದಾರು ಎಂದು ಊರಿನ ಕೋಳಿಯನ್ನೆಲ್ಲ ಕುಯ್ದವನ ನ್ಯಾಯ. ಆದರೆ ರೋಗ ಅವನು ಹೇಳಿದಲ್ಲೇ ಇತ್ತು.

ಇದರಲ್ಲಿ ಇಂಟರ್‌ನೆಟ್ ಕೊಡುವವರ ಪಾಲೂ ಇದೆ. ‘ಇಂದ’ ವಿಳಾಸ ಸುಳ್ಳಾಗಿರುವ ಪ್ಯಾಕೆಟ್ಟನ್ನು ತಮ್ಮ ಜಾಲದಿಂದ ಹೊರಗೇ ಬಿಡಬಾರದು ಎಂಬ ಶಿಫಾರಸು 2000ನೇ ಇಸವಿಯಿಂದಲೇ ಇದೆ. ತನ್ನ ಗಿರಾಕಿಯ ವಿಳಾಸ ಯಾವುದೆಂದು ಕೊಡುವವನಿಗೆ ಗೊತ್ತೇ ಇರುತ್ತದೆ, ನೋಡಿ ತಡೆಯುವುದು ಕಷ್ಟವಲ್ಲ. ಆದರೆ ತಡೆದವನಿಗೆ ಲಾಭವಿಲ್ಲ, ಉಳಿಯುವುದು ಇನ್ಯಾರದೋ ಊರು. ನಮ್ಮ ಕೆರೆ ಊರುಗಳಲ್ಲಿ ನೀರುಗಂಟಿ ಎಂಬ ಒಬ್ಬನಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತಿರುಗಿಸುವುದು ಅವನ ಕೆಲಸ. ಊರಿನ ಗೌಡನೇ ಆದರೂ ರಾತ್ರಿ ಕದ್ದು ಮಡುವೆ ಒಡೆದರೆ ಕೇಳುವ ಅಧಿಕಾರ ಅವನಿಗಿತ್ತು. ಅದಕ್ಕೆ ಕಣದಲ್ಲಿ ಎಲ್ಲರೂ ಕಾಳು ಅಳೆದು ಕೊಡುತ್ತಿದ್ದರು. ಇಂಟರ್‌ನೆಟ್ಟಿನ ನೀರುಗಂಟಿಗೆ ಕಾಳು ಅಳೆಯುವವರಿಲ್ಲ.

ನಮ್ಮವನು ಈಗ ಎರಡು ಕೆಲಸ ಮಾಡಿದ್ದಾನೆ. ಅಕ್ಕಪಕ್ಕದ ತಾಲ್ಲೂಕಿನ ತನ್ನಂಥ ನಾಲ್ವರ ಜೊತೆ ಸೇರಿ, ತಿಂಗಳ ಬಾಡಿಗೆ ಹಂಚಿಕೊಂಡು ಒಂದು ಸೋಸುವ ಸೇವೆ ಹಿಡಿದಿದ್ದಾನೆ. ಒಬ್ಬನಿಗೆ ಎಟುಕುವ ಬೆಲೆ ಅದಲ್ಲ. ಜೊತೆಗೆ ಬಿಲ್ ವಸೂಲಿಗೆ ಹೋಗುವ ಹುಡುಗರ ಕೈಯಲ್ಲಿ ಮನೆಮನೆಯ ಮೋಡೆಮ್, ಕ್ಯಾಮೆರಾಗಳ ಪಾಸ್‌ವರ್ಡ್ ಬದಲಿಸುತ್ತಿದ್ದಾನೆ. ನಮ್ಮ ಮನೆಗೂ ಬಂದಿದ್ದರು. ಹೊಸ ಪಾಸ್‌ವರ್ಡನ್ನು ನನ್ನಾಕೆ ಅಡುಗೆಮನೆಯ ಗೋಡೆಯ ಮೇಲೆ, ಹಾಲಿನ ಲೆಕ್ಕದ ಪಕ್ಕ, ಪೆನ್ಸಿಲಿನಲ್ಲಿ ಬರೆದಳು. ಹೀಗೆ ಬಹಿರಂಗವಾಗಿ ಬರೆಯಬಹುದೇ ಎಂದು ನಾನು ಫೋನ್ ಮಾಡಿ ಕೇಳಿದೆ.

“ಬರ್‍ಕೊಳ್ಳಿ ಸಾರ್, ಏನಾಗಲ್ಲ. ಬ್ರೆಜಿಲ್ಲಿಂದ ಬರೋನಿಗೆ ನಿಮ್ಮನೆ ಗೋಡೆ ಕಾಣಲ್ಲ.”